ಏರಿನಲ್ಲಿ ಟರ್ಬೊ ಗಾಡಿಯ ಶಕ್ತಿ ಕುಂದಿದರೆ

ಕಾಫಿ ಮೂಟೆ ಹೇರಿಕೊಂಡು ಕ್ಯೂರಿಂಗಿಗೋ, ಅಡಿಕೆ ಹೇರಿಕೊಂಡು ಮಂಡಿಗೋ ಹೊರಟ ಡೀಸೆಲ್ ಪಿಕಪ್ಪು ಬಯಲು ರಸ್ತೆಯಲ್ಲಿ ಸರಾಗವಾಗಿ ಓಡಿ, ಏರು ಸಿಕ್ಕಿದೊಡನೆ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಕುಂಟುವುದುಂಟು. ಎಕ್ಸಿಲೇಟರ್ ಪೂರ್ತಿ ತುಳಿದರೂ ವೇಗ ಬಾರದು. ವರ್ಕ್‌ಷಾಪಿಗೆ ಒಯ್ದರೆ ಬಹಳ ಕಡೆ ದೊರೆಯುವ ಮೊದಲ ಉತ್ತರ, "ಟರ್ಬೊ ಹೋಗಿದೆ, ಬದಲಾಯಿಸಬೇಕು" ಎಂಬುದು. ಹತ್ತಾರು ಸಾವಿರ ರೂಪಾಯಿಯ ಈ ಉತ್ತರವನ್ನು ಒಪ್ಪುವ ಮೊದಲು ಬೆಳೆಗಾರರು ತಾವೇ ನೋಡಿಕೊಳ್ಳಬಹುದಾದ ಸಂಗತಿಗಳು ಕೆಲವಿವೆ.

ಟರ್ಬೊ ಎಂದರೆ ಒಂದೇ ಅಚ್ಚಿನ ಎರಡು ತುದಿಗೆ ಎರಡು ಚಕ್ರ. ಎಂಜಿನಿನಿಂದ ಹೊರಬೀಳುವ ಬಿಸಿ ಹೊಗೆ ಒಂದನ್ನು ತಿರುಗಿಸಿದರೆ, ಇನ್ನೊಂದು ಹೊರಗಿನ ಗಾಳಿಯನ್ನು ಒತ್ತಿ ಎಂಜಿನಿಗೆ ತುಂಬುತ್ತದೆ. ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರುವ ಯಂತ್ರವಿದು. ಒತ್ತಿದ ಗಾಳಿ ಕಾಯುವುದರಿಂದ ಅದನ್ನು ಇಂಟರ್‌ಕೂಲರಿನಲ್ಲಿ ತಣಿಸಿ, ರಬ್ಬರ್ ಹೋಸಿನ ಮೂಲಕ ಎಂಜಿನಿಗೆ ಕಳಿಸಲಾಗುತ್ತದೆ. ಬೋರ್ಡೋ ಹೊಡೆಯುವಾಗ ಪೈಪು ನಡುವೆ ಸೀಳಿದರೆ ಪಂಪು ಎಷ್ಟೇ ಚೆನ್ನಾಗಿದ್ದರೂ ಮದ್ದು ಕೊನೆಗೆ ಮುಟ್ಟುವುದಿಲ್ಲವಷ್ಟೆ. ಇಲ್ಲಿಯೂ ಹಾಗೆಯೇ.

ಮೊದಲು ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಕೀಲಿ ತೆಗೆದು, ಒಂದೆರಡು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿ ನೋಡಬೇಕು. ಶಕ್ತಿ ಮರಳಿ ಬಂದು ಮುಂದಿನ ಏರಿನಲ್ಲಿ ಮತ್ತೆ ಹೋದರೆ, ಎಂಜಿನಿನ ಇ.ಸಿ.ಯು. ಪೆಟ್ಟಿಗೆಯೇ ಏನೋ ಅಸಹಜವನ್ನು ಕಂಡು ರಕ್ಷಣೆಗಾಗಿ ಶಕ್ತಿಯನ್ನು ತಡೆಹಿಡಿದಿದೆ ಎಂದು ತಿಳಿಯಬಹುದು. ಡ್ಯಾಷ್‌ಬೋರ್ಡಿನ ಎಂಜಿನ್ ದೀಪವೂ ಆಗ ಸಾಮಾನ್ಯವಾಗಿ ಹತ್ತಿರುತ್ತದೆ. ಟರ್ಬೊ ನಿಜಕ್ಕೂ ಮುರಿದಿದ್ದರೆ ಕೀಲಿ ತಿರುವಿದ ಮಾತ್ರಕ್ಕೆ ಸರಿಹೋಗದು.

ಅನಂತರ ಹೊಗೆ. ಶಕ್ತಿ ಕುಂದಿ ಕಪ್ಪು ಹೊಗೆ ಬಂದರೆ ಡೀಸೆಲಿಗೆ ತಕ್ಕ ಗಾಳಿ ಸಿಗುತ್ತಿಲ್ಲ: ಏರ್ ಫಿಲ್ಟರ್ ಧೂಳಿನಿಂದ ಕಟ್ಟಿರಬಹುದು, ಹೋಸು ಸೀಳಿರಬಹುದು. ಹೊಗೆಯೇ ಇಲ್ಲದೆ ಎಂಜಿನು ಮುಗ್ಗರಿಸಿದರೆ ಡೀಸೆಲ್ ಫಿಲ್ಟರನ್ನು ಮೊದಲು ನೋಡಿ, ಅದರ ತಳದ ನೀರನ್ನು ಇಳಿಸಿ. ತೋಟದಲ್ಲಿ ಕ್ಯಾನುಗಳಲ್ಲಿ ತುಂಬಿಟ್ಟ ಡೀಸೆಲ್ ಬಳಸುವವರಿಗೆ ಇದು ಮುಖ್ಯ. ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ. ಟರ್ಬೊ ಮೇಲಿನ ಅನುಮಾನಕ್ಕೆ ಆಗ ಕಾರಣವುಂಟು.

ಹೋಸುಗಳನ್ನು ಎಂಜಿನು ತಣಿದ ಮೇಲೆ ಕೈಯಿಂದ ಬಗ್ಗಿಸಿ ತಳಭಾಗವನ್ನೂ ನೋಡಬೇಕು. ಒಳಗೆ ತೆಳುವಾಗಿ ಎಣ್ಣೆ ಪಸೆ ಇರುವುದು ಸಹಜ. ಹೊರಗೆ ಕ್ಲಿಪ್ಪಿನ ಬಳಿ ಎಣ್ಣೆಗೆ ಧೂಳು ಮೆತ್ತಿಕೊಂಡಿದ್ದರೆ ಅಲ್ಲಿಂದ ಗಾಳಿ ಸೋರುತ್ತಿದೆ. ಸೀಳು ಒತ್ತಡ ಬಂದಾಗ ಮಾತ್ರ ಬಾಯಿ ತೆರೆಯುವುದರಿಂದ, ನಿಂತ ಗಾಡಿಯನ್ನು ಎಷ್ಟು ರೇಸ್ ಮಾಡಿದರೂ ಅದು ಗೊತ್ತಾಗುವುದಿಲ್ಲ. ಹೊರೆಯಿಲ್ಲದೆ ಟರ್ಬೊ ಹೆಚ್ಚು ಒತ್ತಡ ಹುಟ್ಟಿಸದು. "ಇಲ್ಲಿ ಚೆನ್ನಾಗಿಯೇ ಇದೆಯಲ್ಲ" ಎಂದು ಮೆಕ್ಯಾನಿಕ್ ಹೇಳುವುದು ಇದರಿಂದಲೇ. ಪೈಪಿನ ಬಾಯಿ ಮುಚ್ಚಿ, ಕಂಪ್ರೆಸರಿನಿಂದ ಒಂದು ಬಾರ್ ಮೀರದಂತೆ ಗಾಳಿ ಬಿಟ್ಟು, ಸೋಪಿನ ನೀರು ಹಚ್ಚಿಸಿ ನೋಡಿ. ಸೋರುವಲ್ಲಿ ಗುಳ್ಳೆ ಏಳುತ್ತದೆ.

ಟರ್ಬೊವನ್ನು ಹತೋಟಿಯಲ್ಲಿಡುವ ಪೆನ್ಸಿಲ್ ದಪ್ಪದ ಸಣ್ಣ ಪೈಪುಗಳನ್ನು ಮರೆಯಕೂಡದು. ಗೋಡೌನ್ ಪಕ್ಕ ನಿಲ್ಲುವ ಗಾಡಿಗಳಲ್ಲಿ ಇಲಿ ಕಡಿದು ಹಾಳಾಗುವುದು ಇವೇ. ನಿರ್ವಾತದಿಂದ ನಡೆಯುವ ಟರ್ಬೊದಲ್ಲಿ ಈ ಪೈಪು ತೂತಾದರೆ ಗಾಳಿಯ ಒತ್ತಡ ಏಳುವುದೇ ಇಲ್ಲ. ಒತ್ತಡದಿಂದ ತೆರೆಯುವ ವೇಸ್ಟ್‌ಗೇಟ್ ಇದ್ದಲ್ಲಿ ಒತ್ತಡ ಮಿತಿಮೀರಿ, ಇ.ಸಿ.ಯು. ತಡೆಯುತ್ತದೆ. ಕಾರಣ ವಿರುದ್ಧವಾದರೂ ಚಾಲಕನಿಗೆ ಕಾಣುವ ಫಲ ಒಂದೇ. ಸದಾ ನಿಧಾನವಾಗಿ ಓಡುವ ಗಾಡಿಗಳಲ್ಲಿ ಟರ್ಬೊದೊಳಗಿನ ತಿರುಗು ರೆಕ್ಕೆಗಳಿಗೆ ಮಸಿ ಹಿಡಿದು ಬಿಗಿಯುವುದೂ ಉಂಟು. ಅದನ್ನು ಬಿಚ್ಚಿ ಸ್ವಚ್ಛಮಾಡಲು ಸಾಧ್ಯ.

ಸ್ಕ್ಯಾನರಿನಲ್ಲಿ "ಒತ್ತಡ ಕಡಿಮೆ" ಎಂಬ ಕೋಡ್ ಬಂತೆಂದರೆ ಟರ್ಬೊ ಕೆಟ್ಟಿತೆಂದು ಅರ್ಥವಲ್ಲ. ಮೆಕ್ಯಾನಿಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೊರೆ ಸಮೇತ ಅದೇ ಏರನ್ನು ಹತ್ತಿಸಿ, ಬೇಕಾದ ಒತ್ತಡವೆಷ್ಟು, ಬರುತ್ತಿರುವುದೆಷ್ಟು ಎಂದು ಓದಿಸಬೇಕು. ಡೀಸೆಲಿನ ಒತ್ತಡವನ್ನೂ ಹಾಗೆಯೇ ಓದಿಸಿ. ವೇಸ್ಟ್‌ಗೇಟನ್ನು ತಂತಿಯಿಂದ ಬಿಗಿಯುವ ಉಪಾಯಕ್ಕೆ ಯಾರೂ ಒಪ್ಪಬೇಡಿ. ಅದು ಎಂಜಿನನ್ನೇ ತಿನ್ನುತ್ತದೆ.

ಆಯಿಲ್ ದೀಪ ಹತ್ತಿದರೆ, ಲೋಹ ತಿಕ್ಕುವ ಸದ್ದಾದರೆ ಅಥವಾ ನೀಲಿ ಹೊಗೆ ಒಮ್ಮೆಲೇ ಮುಸುಕಿದರೆ ಮುಂದೆ ಓಡಿಸದೆ ನಿಲ್ಲಿಸಬೇಕು. ಟರ್ಬೊದಿಂದ ಒಳಹೊಕ್ಕ ಆಯಿಲನ್ನೇ ಉರಿಸುತ್ತ ಡೀಸೆಲ್ ಎಂಜಿನು ಕೀಲಿ ತೆಗೆದರೂ ಓಡುತ್ತಲೇ ಇರುವ ಅಪಾಯವಿದೆ. ಹಾಗಾದಲ್ಲಿ ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು, ಮೇಲಿನ ಗೇರಿಗೆ ಹಾಕಿ, ಕ್ಲಚ್ಚು ಬಿಟ್ಟು ಎಂಜಿನನ್ನು ಬಂದ್ ಮಾಡಬೇಕು.