ಗವಾಯಿಗಳ ನಾಟಕ, ಆಶ್ರಮದ ಅನ್ನ

ಗದಗ-ಬೆಟಗೇರಿಗೂ ನಾಟಕಕ್ಕೂ ಇರುವ ನಂಟು ಹಳೆಯದು. ಮರಾಠಿ ನಾಟಕಗಳ ಭರಾಟೆಯ ಕಾಲದಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ ಕನ್ನಡವನ್ನು ರಂಗಕ್ಕೇರಿಸಿದ ಶಾಂತಕವಿಗಳು, ನೆರೆಯ ಶಿರಹಟ್ಟಿಯ ವೆಂಕೋಬರಾಯರು, ದತ್ತಾತ್ರೇಯ ನಾಟಕ ಮಂಡಳಿಯ ಗರುಡ ಸದಾಶಿವರಾಯರು, ಇವರೆಲ್ಲ ಈ ಸೀಮೆಗೆ ಕೀರ್ತಿ ತಂದವರು. ಅದೇ ಸಾಲಿನಲ್ಲಿ ಪಂಡಿತ ಪುಟ್ಟರಾಜ ಗವಾಯಿಗಳನ್ನೂ ನಿಲ್ಲಿಸಬೇಕೆಂದರೆ ವಾಚಕರಲ್ಲಿ ಕೆಲವರು ಹುಬ್ಬೇರಿಸಿಯಾರು. ಅವರು ಗಾಯಕರಲ್ಲವೇ, ಅದರ ಮೇಲೆ ಕಣ್ಣಿಲ್ಲದವರಲ್ಲವೇ, ಅವರಿಗೆ ನಾಟಕದ ಗೊಡವೆ ಏಕೆ? ಆ ಗೊಡವೆ ಏಕೆ ಬಂದಿತೆಂಬದನ್ನೇ ನಾವಿಲ್ಲಿ ಹೇಳಬೇಕೆಂದಿರುವೆವು.

ಗವಾಯಿಗಳು ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರ ಮಾರ್ಚ 3ರಂದು ಹುಟ್ಟಿದರು. ಬಾಲ್ಯದಲ್ಲಿಯೇ ದೃಷ್ಟಿ ಹೋಯಿತು. ಸೋದರಮಾವನ ಹಾರ್ಮೋನಿಯಮ್ಮಿನ ಮೇಲೆ ತಡವರಿಸುತ್ತ ಸ್ವರ ಹುಡುಕುತ್ತಿದ್ದ ಕೂಸಿನ ಒಲವನ್ನು ಕಂಡು ಮನೆಯವರು ಪಂಚಾಕ್ಷರಿ ಗವಾಯಿಗಳ ಅಡಿಗೆ ಒಪ್ಪಿಸಿದರು. ಗುರುಗಳೂ ಅಂಧರೇ. ಶಿಷ್ಯರು ಹಿಂದುಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳನ್ನು ಕಲಿತರು. ತಬಲಾ, ಪಿಟೀಲು, ಸಾರಂಗಿಗಳೂ ಕೈವಶವಾದವು. 1944ರಲ್ಲಿ ಗುರುಗಳು ಲಿಂಗೈಕ್ಯರಾದಾಗ ವೀರೇಶ್ವರ ಪುಣ್ಯಾಶ್ರಮದ ಭಾರವೆಲ್ಲ ಮೂವತ್ತು ವರ್ಷದ ಈ ಶಿಷ್ಯರ ಹೆಗಲಿಗೆ ಬಂದಿತು.

ಭಾರವೆಂದರೆ ಏನೆಂಬದನ್ನು ಸಂಸಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಐದಾರು ಮಂದಿ ಉಣ್ಣುವ ಮನೆಯಲ್ಲಿಯೇ ಹಗೇವಿನ ಜೋಳ ತಳ ಕಂಡಿತೆಂದರೆ ಯಜಮಾನನಿಗೆ ನಿದ್ದೆ ಹತ್ತದು. ಇಲ್ಲಿಯಾದರೋ ಅಂಧರು, ಅನಾಥರು, ಬಡವರ ಮಕ್ಕಳು. ಅನ್ನವನ್ನೂ ವಿದ್ಯೆಯನ್ನೂ ಬೆಲೆಯಿಲ್ಲದೆ ಕೊಡತಕ್ಕದ್ದು. ಭಕ್ತರ ಕಾಣಿಕೆ ಬರುತ್ತಿತ್ತು, ನಿಜ. ಆದರೆ ಕಾಣಿಕೆಯು ಮಳೆಯಂತೆ, ಬಂದರೆ ಬಂದಿತು. ಗವಾಯಿಗಳು ನಾಟಕಕ್ಕೆ ಕೈಹಾಕಿದರು. ಅವರು ಮೊದಲು ನಿರ್ದೇಶಿಸಿದ ನಾಟಕ 'ಶ್ರೀ ಶಿವಯೋಗಿ ಸಿದ್ಧರಾಮ'. ಅದರ ಉತ್ಪನ್ನವು ಬಡ ಹಾಗೂ ಅಂಗವಿಕಲ ಮಕ್ಕಳ ವಸತಿಗೃಹಕ್ಕೆ ಸಂದಿತು. ಗುರುಗಳಿಗೆ ಆಶ್ರಯವಿತ್ತ ಹಾನಗಲ್ಲ ಕುಮಾರಸ್ವಾಮಿಗಳ ಹೆಸರನ್ನೇ ನಾಟ್ಯಸಂಘವು ಹೊತ್ತಿತು.

ಮಠಕ್ಕೂ ಬಣ್ಣಕ್ಕೂ ಹೊಂದುವದೆಂತು ಎಂದು ಕೇಳುವವರು ಎಲ್ಲ ಕಾಲಕ್ಕೂ ಇರುತ್ತಾರೆ. ಅಂಥವರು ಆಶ್ರಮದ ಪಂಕ್ತಿಯಲ್ಲಿ ಒಮ್ಮೆ ಕುಳಿತು ಉಂಡು ಬಳಿಕ ಮಾತಾಡುವದು ಲೇಸು.

ಕಣ್ಣಿಲ್ಲದವರು ನಾಟಕವನ್ನು ತಿದ್ದುವದು ಹೇಗೆಂಬ ಸಂಶಯವು ಸಹಜವಾದದ್ದು. ನಮ್ಮ ಕಂಪನಿ ನಾಟಕವಾದರೋ ಅರ್ಧಕ್ಕಿಂತ ಹೆಚ್ಚು ಕಿವಿಯದೇ. ರಂಗಗೀತೆಯ ರಾಗ ಸನ್ನಿವೇಶಕ್ಕೆ ಒಪ್ಪಬೇಕು. ಮಾತು ಮುಗಿಯುವ ಶ್ರುತಿಯಲ್ಲಿಯೇ ಹಾಡು ಎದ್ದುಕೊಳ್ಳಬೇಕು. ಹಿಂದಿನ ಸಾಲಿನಲ್ಲಿ ಚಾಪೆ ಹಾಸಿ ಕುಳಿತ ರೈತನಿಗೂ ಒಂದು ಅಕ್ಷರ ತಪ್ಪದೆ ಮುಟ್ಟಬೇಕು. ಹುಸಿ ದುಃಖವು ಮುಖದಲ್ಲಿ ಅಡಗೀತು, ದನಿಯಲ್ಲಿ ಅಡಗದು. ನಾಟಕವನ್ನು ತಾವೇ ಬರೆದು, ಹಾಡಿಗೆ ತಾವೇ ಸ್ವರ ಕೂಡಿಸಿದವರ ಕಿವಿಯನ್ನು ವಂಚಿಸುವದು ನಟರಿಗೆ ಸುಲಭವಾಗಿರಲಾರದೆಂದು ನಮ್ಮ ಎಣಿಕೆ.

ಬರವಣಿಗೆಯೂ ಅಲ್ಪವಲ್ಲ. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥಗಳನ್ನು ರಚಿಸಿದರು. 'ನಾಡೋಜ' ಪದವಿ ಬಂದಿತು. 2010ರಲ್ಲಿ ಪದ್ಮಭೂಷಣವೂ ಬಂದಿತು. ಮಾತಿನ ಚಿತ್ರಗಳು ಬಂದ ಮೇಲೆ ಎಷ್ಟೋ ಕಂಪನಿಗಳು ಪರದೆ, ಪೆಟ್ಟಿಗೆಗಳನ್ನು ಮಾರಿಕೊಂಡವು. ಆಶ್ರಮದ ಸಂಘವು ಬಾಳಿದ್ದಕ್ಕೆ ಒಂದು ಕಾರಣ ನಮಗೆ ತೋರುವದು ಹೀಗೆ: ಅದರ ಗಳಿಕೆ ಯಾವ ಮಾಲಕನ ಗಂಟೂ ಆಗಿರಲಿಲ್ಲ. ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಒಕ್ಕಲಿಗನು ಟಿಕೇಟಿಗೆ ಕೊಟ್ಟ ಹಣ ಮಕ್ಕಳ ತಟ್ಟೆಗೆ ಸೇರುತ್ತಿತ್ತು.

2010ರ ಸಪ್ಟಂಬರ 17ರಂದು, ತೊಂಬತ್ತಾರನೆಯ ವಯಸ್ಸಿನಲ್ಲಿ, ಗವಾಯಿಗಳು ಗದಗಿನಲ್ಲಿ ಲಿಂಗೈಕ್ಯರಾದರು. ಅವರಲ್ಲಿ ಕಲಿತವರು ನಾಡಿನ ಅನೇಕ ಊರುಗಳಲ್ಲಿ ಸಂಗೀತ ಶಿಕ್ಷಕರಾಗಿ, ಕೀರ್ತನಕಾರರಾಗಿ ತಮ್ಮ ಅನ್ನವನ್ನು ತಾವೇ ಗಳಿಸುವವರಾದರು.