ಪುಸ್ತಕ ಹೇಳಿದಂಥ ಕೋಳಿ

ಕೋಳಿಯ ಮಾತು ಬಂದರೆ ನಮ್ಮಲ್ಲಿ ಕೇಳುವುದು ಒಂದೇ: ನಾಟಿಯೋ, ಫಾರಮ್ಮೋ? ಅಮೆರಿಕದ ಕೋಳಿ ಪ್ರದರ್ಶನಗಳಲ್ಲಿ ಈ ಪ್ರಶ್ನೆಗೆ ಅರ್ಥವೇ ಇಲ್ಲ. ಅಲ್ಲಿ ಎಲ್ಲವನ್ನೂ ತೀರ್ಮಾನಿಸುವುದು ಒಂದು ದಪ್ಪ ಪುಸ್ತಕ. ರೋಡ್ ಐಲೆಂಡ್ ರೆಡ್ ತಳಿಯ ಹುಂಜ 8.5 ಪೌಂಡ್ ತೂಗಬೇಕು, ಹೇಂಟೆ 6.5 ಪೌಂಡ್. ಮೈ ಉದ್ದ, ಬೆನ್ನು ಸಮತಟ್ಟು. ಒಂಟಿ ಜುಟ್ಟಿನ ಬಗೆಯಾದರೆ ಜುಟ್ಟಿಗೆ ಐದು ಮೊನೆ, ಅಷ್ಟೇ. ಕಿವಿಹಾಲೆ ಕೆಂಪಗಿರಬೇಕು, ಗರಿ ಹೊಳೆಯುವ ಕಡುಗೆಂಪು. ಜುಟ್ಟಿನ ಪಕ್ಕದಲ್ಲಿ ಒಂದು ಪುಟ್ಟ ಕವಲು ಮೂಡಿದ್ದರೂ ಸಾಕು, ಹಕ್ಕಿ ಎಷ್ಟೇ ಚೆಂದವಿರಲಿ, ಸ್ಪರ್ಧೆಯಿಂದ ಹೊರಗೆ.

ಈ ಪುಸ್ತಕ ತಂದದ್ದು ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್. 1873ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನಲ್ಲಿ ಸಂಘ ಹುಟ್ಟಿತು, ಮರುವರ್ಷವೇ ತಳಿಗಳ ಮಾನದಂಡ ಅಚ್ಚಾಯಿತು. ‘ಸ್ಟ್ಯಾಂಡರ್ಡ್ ಆಫ್ ಪರ್ಫೆಕ್ಷನ್’ ಎಂಬ ಹೆಸರಿನಲ್ಲಿ ಅದು ಈಗಲೂ ಪರಿಷ್ಕಾರಗೊಳ್ಳುತ್ತ ಬರುತ್ತಿದೆ. ಇಂಗ್ಲೆಂಡ್ ಇನ್ನೂ ಮುಂದಿತ್ತು. ಅಲ್ಲಿ 1865ರಲ್ಲೇ ಇಂಥದೊಂದು ಪಟ್ಟಿ ಬಂದಿತ್ತು. ಅದನ್ನು ಸಿದ್ಧಪಡಿಸಿದ ಟೆಗೆಟ್‌ಮಿಯರ್, ಕೋಳಿ ಪಾರಿವಾಳಗಳ ವಿಷಯದಲ್ಲಿ ಡಾರ್ವಿನ್ನನಿಗೆ ಮಾಹಿತಿ ಒದಗಿಸುತ್ತಿದ್ದ ಮನುಷ್ಯ.

ಇಷ್ಟಕ್ಕೂ ಕೋಳಿಯ ಅಂದಕ್ಕೆ ಅಂಕ ಕೊಡುವ ಹುಚ್ಚು ಹತ್ತಿದ್ದು ಹೇಗೆ? ಇಂಗ್ಲೆಂಡಿನಲ್ಲಿ 1835ರ ಕಾನೂನು ಕೋಳಿ ಕಾಳಗವನ್ನು ನಿಷೇಧಿಸಿತು. ಕಾಳಗದ ಕಣ ಹೋದರೂ ಹುಂಜದ ಮೇಲಿನ ವ್ಯಾಮೋಹ ಹೋಗುತ್ತದೆಯೇ? ಅದೇ ಹೊತ್ತಿಗೆ ಚೀನಾದಿಂದ ಕಾಲಿಗೂ ಗರಿಯಿರುವ ಭಾರೀ ಕೋಳಿಗಳು ಹಡಗೇರಿ ಬಂದವು, ವಿಕ್ಟೋರಿಯಾ ರಾಣಿಯ ಅರಮನೆಯನ್ನೂ ಸೇರಿದವು. 1849ರ ನವೆಂಬರಿನಲ್ಲಿ ಬಾಸ್ಟನ್ನಿನ ಪ್ರದರ್ಶನಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಮುಗಿಬಿದ್ದರು. ಜಾರ್ಜ್ ಬರ್ನಮ್ ಎಂಬ ವ್ಯಾಪಾರಿ ಬೂದು ಬಣ್ಣದ ದೈತ್ಯ ಕೋಳಿಗಳನ್ನು ರಾಣಿಗೇ ಉಡುಗೊರೆ ಕಳಿಸಿ ಬೆಲೆ ಏರಿಸಿಕೊಂಡ. ಬ್ರಹ್ಮಪುತ್ರದ ಹೆಸರು ಹೊತ್ತ ‘ಬ್ರಹ್ಮ’ ತಳಿ ಪ್ರಸಿದ್ಧಿಗೆ ಬಂದದ್ದು ಈ ಗದ್ದಲದಲ್ಲಿ. ಹುಚ್ಚು ಇಳಿದ ಮೇಲೆ, 1855ರಲ್ಲಿ, ಕೋಳಿ ಕೊಂಡು ಕೈ ಸುಟ್ಟುಕೊಂಡವರನ್ನು ಗೇಲಿ ಮಾಡುವ ಪುಸ್ತಕವನ್ನೂ ಅವನೇ ಬರೆದ! ಯಾವುದು ಯಾವ ತಳಿ ಎಂಬುದಕ್ಕೆ ಲಿಖಿತ ಆಧಾರ ಬೇಕೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಬರೆದಿಡುವುದೇನೋ ಸುಲಭ. ಬರೆದ ಹಾಗೆ ಕೋಳಿ ಹುಟ್ಟಬೇಕಲ್ಲ. ಬಾರ್ಡ್ ಪ್ಲಿಮತ್ ರಾಕ್ ತಳಿಯ ಪಾಡು ನೋಡಿ. ಗರಿಯ ಅಡ್ಡಕ್ಕೆ ಕಪ್ಪು ಪಟ್ಟೆ, ಬಿಳಿ ಪಟ್ಟೆ, ಮತ್ತೆ ಕಪ್ಪು. ಗೆರೆ ಎಳೆದಷ್ಟು ಸ್ಪಷ್ಟವಾಗಿ, ಬುಡದ ನಯಗರಿಯವರೆಗೂ. ಗರಿ ನಿಧಾನವಾಗಿ ಬೆಳೆದಷ್ಟೂ ಪಟ್ಟೆಯ ಅಂಚು ಚೂಪು. ಹಾಗಾಗಿ ಒಳ್ಳೆಯ ಪ್ರದರ್ಶನದ ಮರಿಗಳು ಎಷ್ಟೋ ವಾರ ಅರೆಬತ್ತಲೆಯಾಗಿಯೇ ಓಡಾಡುತ್ತವೆ. ತೊಡಕಿರುವುದು ಬೇರೆ ಕಡೆ. ಪಟ್ಟೆ ಮೂಡಿಸುವ ವಂಶವಾಹಿ ಹುಂಜದಲ್ಲಿ ಎರಡು ಪ್ರತಿ, ಹೇಂಟೆಯಲ್ಲಿ ಒಂದೇ. ಆದ್ದರಿಂದ ಒಂದೇ ಹೊಟ್ಟೆಯ ಅಣ್ಣ ತಂಗಿಯರಲ್ಲಿ ಅಣ್ಣನ ಬಣ್ಣ ತೆಳು, ತಂಗಿಯದು ಗಾಢ. ಮಾನದಂಡವೋ, ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಎರಡೂ ಒಂದೇ ಬಣ್ಣ ಕಾಣಲಿ ಅನ್ನುತ್ತದೆ.

ತಳಿಗಾರರು ಪ್ರಕೃತಿಯ ಜೊತೆ ವಾದ ಮಾಡಲಿಲ್ಲ, ಎರಡು ಮನೆತನ ಕಟ್ಟಿದರು. ಒಂದರಲ್ಲಿ ಬಹುಮಾನದ ಬಣ್ಣದ ಹುಂಜ, ಅದಕ್ಕೆ ಜೋಡಿ ಕಪ್ಪಿಗೆ ತಿರುಗಿದ ಹೇಂಟೆಗಳು. ಗೆಲ್ಲುವ ಹುಂಜಗಳು ಹುಟ್ಟುವುದು ಇಲ್ಲಿ. ಇನ್ನೊಂದರಲ್ಲಿ ಬಹುಮಾನದ ಹೇಂಟೆಗಳಿಗೆ ಪೇಲವ ಬಣ್ಣದ ಹುಂಜ. ಗೆಲ್ಲುವ ಹೇಂಟೆಗಳು ಅಲ್ಲಿಂದ. ಗೆದ್ದ ಹುಂಜಕ್ಕೆ ಗೆದ್ದ ಹೇಂಟೆಯನ್ನೇ ಕೂಡಿಸಿದರೆ ಚಾಂಪಿಯನ್ ಮರಿ ಬರುತ್ತದೆಂದು ಹೊಸಬರು ಲೆಕ್ಕ ಹಾಕುತ್ತಾರೆ. ಬರುವುದು ಎರಡೂ ಕಡೆಗೆ ಸಲ್ಲದ ಮರಿ. ಕಪ್ ಗೆದ್ದ ಹುಂಜದ ತಾಯಿಯನ್ನು ಪ್ರದರ್ಶನದಲ್ಲಿ ಯಾರೂ ಕಾಣುವುದಿಲ್ಲ. ಅವಳಿಗೆ ಅಲ್ಲಿ ಅಂಕವೇ ಬೀಳುವುದಿಲ್ಲ.

ಇನ್ನು ಮರಿ ಮಾಡಿಸುವ ಕೆಲಸ. ಹೇಂಟೆಗಳ ಬಳಿ ಬೇರೆ ಹುಂಜ ಓಡಾಡಿದ್ದರೆ ಮೊದಲು ಎರಡು ಮೂರು ವಾರ ಕಾಯಬೇಕು, ಹಳೆಯ ಸಂಗದ ಬೀಜ ಅಷ್ಟು ದಿನವೂ ಒಳಗೆ ಜೀವಂತ. ಆಮೇಲೆ ಸಿಕ್ಕ ಮೊಟ್ಟೆಗಳಲ್ಲಿ ಆಕಾರ ಕೆಟ್ಟದ್ದು, ಬಿರುಕು ಬಿಟ್ಟದ್ದು ಬಿಟ್ಟು ಉಳಿದವನ್ನು ತಂಪಿನಲ್ಲಿಟ್ಟು ವಾರದೊಳಗೆ ಕಾವಿಗೆ ಇಡುತ್ತಾರೆ. ಕಾವುಪೆಟ್ಟಿಗೆಯಲ್ಲಿ ಫ್ಯಾನ್ ಇದ್ದರೆ ಶಾಖ 37.5 ಡಿಗ್ರಿ ಸೆಲ್ಸಿಯಸ್. ಮೊಟ್ಟೆಗಳನ್ನು ದಿನಕ್ಕೆ ಹಲವು ಸಲ ಹೊರಳಿಸುತ್ತಿರಬೇಕು, ಇಲ್ಲದಿದ್ದರೆ ಭ್ರೂಣ ಚಿಪ್ಪಿನ ಪೊರೆಗೆ ಅಂಟುತ್ತದೆ. ಏಳನೆಯ ದಿನ ಕತ್ತಲ ಕೋಣೆಯಲ್ಲಿ ಟಾರ್ಚಿನ ಬಾಯಿಗೆ ಮೊಟ್ಟೆ ಹಿಡಿದರೆ ಕೆಂಪು ನರಗಳು ಕವಲೊಡೆದದ್ದು, ನಡುವೆ ಕಪ್ಪು ಚುಕ್ಕಿ ಅಲುಗುವುದು ಕಾಣುತ್ತದೆ. ಏನೂ ಕಾಣದಿದ್ದರೆ ಗೊಡ್ಡು ಮೊಟ್ಟೆ. ಮಾರಾನ್ ತಳಿಯ ಚಾಕೊಲೇಟ್ ಬಣ್ಣದ ಚಿಪ್ಪಿನೊಳಗೆ ಮಾತ್ರ ಎಂಥ ಬೆಳಕೂ ಸುಲಭಕ್ಕೆ ತೂರುವುದಿಲ್ಲ. ಹದಿನೆಂಟನೆಯ ದಿನ ಹೊರಳಿಸುವುದನ್ನು ನಿಲ್ಲಿಸಿ ತೇವ ಹೆಚ್ಚಿಸುತ್ತಾರೆ. ಇಪ್ಪತ್ತೊಂದಕ್ಕೆ ಮರಿ.

ಇಲ್ಲಿಯವರೆಗಿನದು ಹಳ್ಳಿಯ ಕಾವುಗೋಳಿಯೂ ಮಾಡುವ ಕೆಲಸ. ತಳಿಗಾರನ ಕೆಲಸ ಶುರುವಾಗುವುದೇ ಆಮೇಲೆ. ಮರಿಯ ಕಾಲ್ಬೆರಳುಗಳ ನಡುವಿನ ತೆಳು ಪೊರೆಯಲ್ಲಿ ಚಿಕ್ಕ ತೂತು ಹೊಡೆಯುತ್ತಾರೆ. ಎರಡು ಪಾದ, ನಾಲ್ಕು ಪೊರೆ, ತೂತು ಇದ್ದರೂ ಗುರುತು, ಇಲ್ಲದಿದ್ದರೂ ಗುರುತು. ಒಟ್ಟು 16 ಬಗೆ. ಯಾವ ಮರಿ ಯಾವ ಜೋಡಿಯದೆಂದು ವರ್ಷಗಳ ನಂತರವೂ ಕಾಲೆತ್ತಿ ನೋಡಿ ಹೇಳಬಹುದು. ವಾರಗಳು ಉರುಳಿದಂತೆ ಜುಟ್ಟು ಕೆಟ್ಟವು, ಬಾಲ ಒಂದು ಪಕ್ಕಕ್ಕೆ ವಾಲಿದವು, ಬಣ್ಣ ತಪ್ಪಿದವು ಒಂದೊಂದಾಗಿ ಗುಂಪಿನಿಂದ ಹೊರಬೀಳುತ್ತವೆ. ಹೆಚ್ಚಿನವು ಅಡುಗೆಮನೆಗೆ. ಮುಂದಿನ ತಲೆಮಾರಿಗೆ ಉಳಿಯುವುದು ಬೆರಳೆಣಿಕೆ. ಮನಸ್ಸು ಕರಗಿ ಎಲ್ಲವನ್ನೂ ಉಳಿಸಿಕೊಳ್ಳುವವರಿಂದ ತಳಿ ಉಳಿಯುವುದಿಲ್ಲ.

ಪ್ರದರ್ಶನದ ದಿನ ತೀರ್ಪುಗಾರರು ಹಕ್ಕಿಯನ್ನು ತಲೆ ಮುಂದಾಗಿ ಗೂಡಿನಿಂದ ತೆಗೆದು, ಅಂಗೈಯಲ್ಲಿ ಎದೆಯೆಲುಬಿನ ನೇರ ತಡವಿ, ರೆಕ್ಕೆಯನ್ನು ಬೀಸಣಿಗೆಯಂತೆ ಬಿಡಿಸಿ, ನಡುವೆ ಗರಿ ತಪ್ಪಿ ಸಂದಿ ಬಿದ್ದಿದೆಯೇ ಎಂದು ನೋಡುತ್ತಾರೆ. ಈ ಕಣ್ಣಿಗೆ ಹೆದರಿ ತಳಿಗಾರರು ಕೆಟ್ಟದ್ದನ್ನೂ ಮಾಡಿದ್ದಾರೆ. ಬಿಳಿಮುಖದ ಕಪ್ಪು ಸ್ಪ್ಯಾನಿಷ್ ಒಂದು ಕಾಲಕ್ಕೆ ದೊಡ್ಡ ಮೊಟ್ಟೆಗಳಿಗೆ ಹೆಸರಾದ ಗಟ್ಟಿ ತಳಿ. ಮುಖದ ಬಿಳುಪು ಹಿಗ್ಗಿಸುವುದೊಂದೇ ಗುರಿಯಾದಾಗ ಅದು ಚಳಿಗೂ ರೋಗಕ್ಕೂ ಬಗ್ಗುವ ಹಕ್ಕಿಯಾಯಿತು. ಜಪಾನಿನ ಗಿಡ್ಡ ಚಾಬೊ ಕೋಳಿಗೆ ಮೋಟುಕಾಲೇ ಸೌಂದರ್ಯ. ಆ ಮೋಟುಕಾಲಿನ ವಂಶವಾಹಿ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮರಿ ಚಿಪ್ಪಿನೊಳಗೇ ಸಾಯುತ್ತದೆ. ಮೋಟುಕಾಲಿನ ಜೋಡಿಯ ಮೊಟ್ಟೆಗಳಲ್ಲಿ ಸುಮಾರು ಕಾಲುಭಾಗ ಹೀಗೆ ಹೋಗುತ್ತವೆ. ಪುಸ್ತಕದಲ್ಲಿ ಅರ್ಧ ಬುದ್ಧಿವಂತಿಕೆ ಇದ್ದರೆ ಅರ್ಧ ಷೋಕಿ ಅನ್ನದೆ ವಿಧಿಯಿಲ್ಲ.

ಆದರೂ ಈ ಷೋಕಿಯವರು ಕಾಪಾಡಿದ ಗಂಟು ಸಣ್ಣದಲ್ಲ. 1948ರಲ್ಲಿ ಅಮೆರಿಕದ ‘ಚಿಕನ್ ಆಫ್ ಟುಮಾರೋ’ ಸ್ಪರ್ಧೆಯನ್ನು ಗೆದ್ದದ್ದು ಕಾರ್ನಿಷ್ ಮತ್ತು ನ್ಯೂಹ್ಯಾಂಪ್‌ಶೈರ್ ತಳಿಗಳ ಬೆರಕೆ. ಬ್ರಾಯ್ಲರ್ ಯುಗದ ಬಾಗಿಲು ತೆರೆದದ್ದು ಅಲ್ಲಿಂದ. ಕಾರ್ನಿಷ್ ಅಂದರೆ ಇಂಗ್ಲೆಂಡಿನವರು ಇಂಡಿಯನ್ ಗೇಮ್ ಎಂದು ಕರೆದ ಕೋಳಿ. ಅದರ ಎದೆಯ ಮಾಂಸದ ಹಿಂದೆ ನಮ್ಮ ಅಸೀಲ್ ಹುಂಜದ ರಕ್ತವಿದೆ. ರೋಡ್ ಐಲೆಂಡ್ ರೆಡ್ ಇತ್ತ ನಮ್ಮ ಸರ್ಕಾರಿ ಕೋಳಿ ಫಾರಂಗಳಿಗೂ ಬಂದು ಆರ್‌ಐಆರ್ ಆಯಿತು, ಊರ ಕೋಳಿಯ ತಳಿ ಸುಧಾರಣೆಗೆ ಒದಗಿತು. ಬೆರಕೆಗಳು ಗೆದ್ದ ಮೇಲೆ ಶುದ್ಧ ತಳಿಗಳು ವ್ಯಾಪಾರಿ ಫಾರಂಗಳಿಂದ ಹೊರಬಿದ್ದವು. ಅಮೆರಿಕದಲ್ಲಿ ಲೈವ್‌ಸ್ಟಾಕ್ ಕನ್ಸರ್ವೆನ್ಸಿ ಎಂಬ ಸಂಸ್ಥೆ ಈಗ ಅಪಾಯದಲ್ಲಿರುವ ತಳಿಗಳ ಪಟ್ಟಿ ಇಟ್ಟಿದೆ. ಅವನ್ನು ಸಾಕುತ್ತಿರುವವರು ಬಹುಪಾಲು ಹಿತ್ತಲಿನ ಹವ್ಯಾಸಿಗಳು.

ಅವರಿಗೆ ಹೊಸ ರಕ್ತ ಬೇಕಾದಾಗ ಅದು ಬರುವುದು ಟಪಾಲಿನಲ್ಲಿ. ಚಿಪ್ಪೊಡೆಯುವ ಮೊದಲು ಮರಿ ಉಳಿದ ಹಳದಿಯನ್ನು ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತದೆ, ಎರಡು ಮೂರು ದಿನ ಅನ್ನ ನೀರಿಲ್ಲದೆ ಬದುಕಬಲ್ಲದು. ಇದನ್ನೇ ನೆಚ್ಚಿ ಅಮೆರಿಕದ ಅಂಚೆ ಇಲಾಖೆ 1918ರಿಂದ ಒಂದು ದಿನದ ಮರಿಗಳನ್ನು ಸಾಗಿಸುತ್ತಿದೆ. ವಸಂತ ಬಂತೆಂದರೆ ಹಳ್ಳಿಯ ಅಂಚೆ ಕಚೇರಿಯಿಂದ ಬೆಳ್ಳಂಬೆಳಗ್ಗೆ ಫೋನ್ ಬರುತ್ತದೆ: ನಿಮ್ಮ ಪೆಟ್ಟಿಗೆಯದು ತಡೆಯಲಾರದ ಗಲಾಟೆ, ಬೇಗ ಬಂದು ಒಯ್ಯಿರಿ.