ರೇಡಿಯೋ ನಕ್ಷೆಗೆ ಒಡೆಯರಾರು?

ಬಳ್ಳಾರಿ ತಾಲ್ಲೂಕಿನ ರೂಪನಗುಡಿಯ ಒಂದು ಮನೆಯಲ್ಲಿ ಹಳೆಯ ರೇಡಿಯೋ ಒಂದು ಅಟ್ಟದಿಂದ ಕೆಳಗಿಳಿಯಿತೆಂದು ಭಾವಿಸೋಣ. ಎರೆಹೊಲದ ಹತ್ತಿಗೆ ಒಳ್ಳೆಯ ಬೆಲೆ ಬಂದ ಯಾವುದೋ ವರ್ಷ ಅಜ್ಜ ಕೊಂಡು ತಂದ ಪೆಟ್ಟಿಗೆ ಅದು. ಮುಂಭಾಗದ ಬಟ್ಟೆ ಮಾಸಿದೆ. ಗಾಜಿನ ಮೇಲೆ ಬರೆದ ಊರುಗಳ ಹೆಸರು ಅರ್ಧ ಅಳಿಸಿಹೋಗಿದೆ. ಕನ್ನಡ, ತೆಲುಗು ಎರಡೂ ಮನೆಮಾತಾಗಿರುವ ಆ ಸೀಮೆಯಲ್ಲಿ ಅದರ ಮುಳ್ಳು 1948ರಲ್ಲಿ ಆರಂಭವಾದ ವಿಜಯವಾಡ ಕೇಂದ್ರಕ್ಕೂ, 1950ರಲ್ಲಿ ಆರಂಭವಾದ ಧಾರವಾಡ ಕೇಂದ್ರಕ್ಕೂ ಓಡಾಡುತ್ತಿದ್ದಿರಬೇಕು. ಬುಧವಾರ ರಾತ್ರಿ ಬಂತೆಂದರೆ ಸಿಲೋನಿನ ಬಿನಾಕಾ ಗೀತಮಾಲಾ ಕೇಳಲು ಓಣಿಯೇ ನೆರೆಯುತ್ತಿದ್ದಿರಬೇಕು.

ಈಗ ಅದು ಮೂಕವಾಗಿದೆ. ಮನೆಯ ಮೊಮ್ಮಗ ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ ಬಳ್ಳಾರಿಗೆ ಹೊತ್ತೊಯ್ಯುತ್ತಾನೆ. ವಯಸ್ಸಾದ ರಿಪೇರಿಗಾರ ಹಿಂಬದಿಯ ರಟ್ಟನ್ನು ಬಿಚ್ಚಿ, ಹಲ್ಲಿಯ ಮೊಟ್ಟೆಗಳನ್ನು ತೆಗೆದು, ಮೂರು ತಲೆಮಾರಿನ ಧೂಳನ್ನು ಊದಿ, ಒಳಗಿನ ತಂತಿಗಳನ್ನು ಬಹಳ ಹೊತ್ತು ನೋಡಿ ತಲೆಯೆತ್ತುತ್ತಾನೆ.

“ತಮ್ಮಾ, ಇದರ ಸರ್ಕ್ಯೂಟ್ ನಕ್ಷೆ ಮನೆಯಾಗೆ ಐತೇನು? ಅದೊಂದು ಸಿಕ್ಕರೆ ಉಳಿದದ್ದು ನಾನು ನೋಡಿಕೊಳ್ತೀನಿ.”

ನಕ್ಷೆ ಮನೆಯಲ್ಲಿಲ್ಲ. ಅದು ಎಂದೂ ಮನೆಗೆ ಬಂದದ್ದೇ ಅಲ್ಲ. ಕೊಂಡವರಿಗೆ ಕಂಪನಿ ಕೊಡುತ್ತಿದ್ದುದು ಗುಂಡಿಗಳನ್ನು ತಿರುಗಿಸುವ ಕ್ರಮವನ್ನು ತಿಳಿಸುವ ಪುಟ್ಟ ಪುಸ್ತಿಕೆ ಮಾತ್ರ. ರಿಪೇರಿಗೆ ಬೇಕಾದ ಸರ್ವಿಸ್ ಮ್ಯಾನ್ಯುಯಲ್ ಸಾಮಾನ್ಯವಾಗಿ ಕಂಪನಿಯಿಂದ ಏಜೆಂಟರಿಗೆ ಹೋಗಿ ಅಲ್ಲಿಯೇ ನಿಲ್ಲುತ್ತಿತ್ತು.

ಅನುಭವವುಳ್ಳ ಕೈಗೆ ನಕ್ಷೆಯ ಹಂಗೇಕೆ ಎಂದು ಓದುಗರು ಕೇಳಬಹುದು. ಆ ಕಾಲದ ರೇಡಿಯೋಗಳೆಲ್ಲ ಹೊರಗಿನಿಂದ ಒಂದೇ ಬಗೆಯವಾಗಿ ಕಂಡರೂ ಒಳಗೆ ಮೂರು ಜಾತಿಯವಿದ್ದವು. ವಾಲ್ವಿನ ಹೆಸರಿನ ಮೊದಲ ಅಕ್ಷರವೇ ಜಾತಿಯನ್ನು ಹೇಳುತ್ತದೆ. ಇಸಿಎಚ್ 81, ಇಎಫ್ 89, ಇಎಲ್ 84 ಮುಂತಾದ ‘ಇ’ ವರ್ಗದ ವಾಲ್ವುಗಳ ಒಳತಂತು ಕಾಯುವುದು 6.3 ವೋಲ್ಟಿನಲ್ಲಿ. ವಿದ್ಯುತ್ತು ಬಾರದ ಹಳ್ಳಿಗಳಿಗಾಗಿ ಮಾಡಿದ ಬ್ಯಾಟರಿ ರೇಡಿಯೋಗಳಲ್ಲಿ ‘ಡಿ’ ವರ್ಗದವು, ಅವಕ್ಕೆ 1.4 ವೋಲ್ಟು ಸಾಕು, ಹೆಚ್ಚಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ತಂತು ಸುಟ್ಟುಹೋಗುತ್ತದೆ. ಮೂರನೆಯದು ‘ಯು’ ವರ್ಗ. ಎ.ಸಿ., ಡಿ.ಸಿ. ಎರಡರಲ್ಲಿಯೂ ನಡೆಯಬೇಕೆಂದು ಮಾಡಿದ ಈ ಜಾತಿಯ ಅನೇಕ ರೇಡಿಯೋಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಗೋಡೆಯ ವಿದ್ಯುತ್ತಿನ ಒಂದು ತಂತಿ ನೇರವಾಗಿ ಲೋಹದ ಚಾಸಿಗೇ ಸೇರಿರುತ್ತದೆ. ಪ್ಲಗ್ಗನ್ನು ತಿರುವುಮುರುವಾಗಿ ಚುಚ್ಚಿದರೆ ಇಡೀ ಚಾಸಿ 230 ವೋಲ್ಟಿಗೆ ಏರುತ್ತದೆ. ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿ ಈ ಎಚ್ಚರಿಕೆ ಇರುತ್ತದೆ. ಮ್ಯಾನ್ಯುಯಲ್ ಇಲ್ಲದವನು, ಗಾಜಿನ ಮೇಲಿನ ಅಕ್ಷರವೂ ಉಜ್ಜಿಹೋಗಿದ್ದರೆ, ಅದನ್ನು ತನ್ನ ಕೈಯಿಂದಲೇ ಕಲಿಯಬೇಕಾಗುತ್ತದೆ. ಆ ಪಾಠವನ್ನು ಕಲಿತವರೆಲ್ಲರೂ ಎರಡನೆಯ ರೇಡಿಯೋ ಬಿಚ್ಚಿದವರಲ್ಲ. ಅಪಾಯವಿಲ್ಲದ ಕಷ್ಟಗಳೂ ಉಂಟು: ಮುಳ್ಳನ್ನು ಎಳೆಯುವ ಡಯಲ್ ದಾರ ಯಾವ ಗಾಲಿಗೆ ಎಷ್ಟು ಸುತ್ತು ಬರಬೇಕೆಂಬುದನ್ನು ನಕ್ಷೆಯಿಲ್ಲದೆ ಕಂಡುಹಿಡಿಯಹೊರಟವನ ಸಂಜೆಯೆಲ್ಲ ದಾರದಲ್ಲಿಯೇ ಕಳೆದುಹೋಗುತ್ತದೆ.

ಕೊನೆಗೆ ಇನ್ನೊಂದು ಊರಿನ ರಿಪೇರಿಗಾರನ ಟ್ರಂಕಿನಲ್ಲಿ ಅದೇ ಮಾದರಿಯ ಹಾಳೆಗಳಿವೆಯೆಂದು ಸುದ್ದಿ ಬರುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಐದು ನಿಮಿಷದ ಕೆಲಸ. ಆದರೆ ಹಾಳೆಯ ಬುಡದಲ್ಲಿ ಚಿಕ್ಕ ಅಕ್ಷರಗಳಲ್ಲಿ ಒಂದು ಸಾಲು ಅಚ್ಚಾಗಿದೆ: ಎಲ್ಲ ಹಕ್ಕುಗಳನ್ನೂ ಕಾದಿರಿಸಿದೆ. ಯಾರ ಹಕ್ಕು? ಯಾರು ಕಾದಿರಿಸಿದ್ದಾರೆ? ಅವರು ಈಗ ಎಲ್ಲಿದ್ದಾರೆ?

ಕಾಪಿರೈಟ್ ಎಂದು ಎಲ್ಲರೂ ಹೇಳುವ ಗ್ರಂಥಸ್ವಾಮ್ಯದ ಕಾನೂನು ಕವಿ, ಕಾದಂಬರಿಕಾರರಿಗೆ ಮಾತ್ರ ಮೀಸಲಾದುದೆಂದು ಅನೇಕರ ಭಾವನೆ. 1957ರಲ್ಲಿ ಅಂಗೀಕೃತವಾಗಿ 1958ರ ಜನವರಿ 21ರಿಂದ ಜಾರಿಗೆ ಬಂದ ನಮ್ಮ ದೇಶದ ಕಾಯಿದೆಗೆ ಅಂತಹ ಪಂಕ್ತಿಭೇದವಿಲ್ಲ. ಅದರ ವ್ಯಾಖ್ಯೆಯಂತೆ ನಕ್ಷೆ, ರೇಖಾಚಿತ್ರ, ಪ್ಲಾನು ಎಲ್ಲವೂ ಕಲಾಕೃತಿಗಳೇ; ಸೌಂದರ್ಯವಿರಬೇಕೆಂಬ ನಿಬಂಧನೆಯೂ ಇಲ್ಲ. ಆದ್ದರಿಂದ ರೇಡಿಯೋದ ಸರ್ಕ್ಯೂಟ್ ನಕ್ಷೆಯೂ ರವಿವರ್ಮನ ಚಿತ್ರವೂ ಕಾನೂನಿನ ಒಂದೇ ಚಾವಣಿಯ ಕೆಳಗೆ ನಿಲ್ಲುತ್ತವೆ.

ಇದರಲ್ಲಿ ಒಂದು ಸ್ವಾರಸ್ಯವುಂಟು. ಮೂಲ ಕಾಯಿದೆಯಲ್ಲಿ ಸ್ವಾಮ್ಯದ ಅವಧಿ ಲೇಖಕನ ಮರಣಾನಂತರ 50 ವರ್ಷ. ರವೀಂದ್ರನಾಥ ಠಾಕೂರರು ತೀರಿಕೊಂಡದ್ದು 1941ರಲ್ಲಿ. ಅವರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯಬೇಕಾಗಿತ್ತು. ವಿಶ್ವಭಾರತಿಯ ಕೈಯಿಂದ ಆ ಹಕ್ಕು ತಪ್ಪಬಾರದೆಂಬ ಕಾರಣದಿಂದ ಆ ವರ್ಷದ ಡಿಸೆಂಬರಿನಲ್ಲಿ ಸುಗ್ರೀವಾಜ್ಞೆ ಹೊರಟು, 1992ರಲ್ಲಿ ತಿದ್ದುಪಡಿಯಾಗಿ, ಅವಧಿ 60 ವರ್ಷಕ್ಕೆ ಏರಿತು. ಕವೀಂದ್ರರಿಗಾಗಿ ಸೇರಿಸಿದ ಹತ್ತು ವರ್ಷ ವಾಲ್ವ್ ರೇಡಿಯೋದ ಕೈಪಿಡಿಗೂ ಸೇರಿತು. ಊಟಕ್ಕೆ ಕರೆದದ್ದು ಒಬ್ಬರನ್ನು, ಎಲೆಯ ಮುಂದೆ ಕುಳಿತದ್ದು ಊರೆಲ್ಲ.

ಆದರೆ ಲೆಕ್ಕವನ್ನು ತಾಳ್ಮೆಯಿಂದ ಮಾಡಿದರೆ ಒಂದು ಸಮಾಧಾನವೂ ದೊರೆಯುತ್ತದೆ. ಕಂಪನಿಯ ಕೈಪಿಡಿಯಲ್ಲಿ ಬರೆದವರ ಹೆಸರು ಇರುವುದು ಅಪರೂಪ. ಕರ್ತೃವಿನ ಹೆಸರಿಲ್ಲದ ಕೃತಿಗೆ, ಆ ಹೆಸರು ಮುಂದೆಯೂ ಹೊರಬೀಳದಿದ್ದರೆ, ಪ್ರಕಟವಾದ ವರ್ಷದ ಮರುವರ್ಷದಿಂದ ಎಣಿಸಿ 60 ವರ್ಷ ರಕ್ಷಣೆ. 1960ರಲ್ಲಿ ಹಾಗೆ ಹೊರಬಂದ ನಕ್ಷೆಯ ಬೀಗ 2020ರ ಡಿಸೆಂಬರ್ 31ರ ಮಧ್ಯರಾತ್ರಿ ತಾನಾಗಿಯೇ ಬಿದ್ದುಹೋಯಿತು. ಸರ್ಕಾರಿ ಉದ್ಯಮಗಳ ಪ್ರಕಟಣೆಗೂ ಇದೇ ಎಣಿಕೆ. ಈ ಮಾತು ಕರ್ನಾಟಕಕ್ಕೆ ವಿಶೇಷವಾಗಿ ಸಲ್ಲುತ್ತದೆ. ಏಕೆಂದರೆ ಈ ನಾಡಿನ ರೇಡಿಯೋ ವಿದ್ಯೆಯ ತೌರುಮನೆಗಳಲ್ಲಿ ಒಂದು ಸರ್ಕಾರಿ ಉದ್ಯಮವೇ ಆಗಿದೆ.

ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾದದ್ದು 1954ರಲ್ಲಿ, ಫ್ರಾನ್ಸಿನ ಸಿ.ಎಸ್.ಎಫ್. ಕಂಪನಿಯ ನೆರವಿನಿಂದ. ಮುಖ್ಯವಾಗಿ ಸೈನ್ಯದ ಸಲಕರಣೆಗಳಿಗೆಂದು ಹುಟ್ಟಿದ ಆ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳನ್ನೂ, 1962ರಲ್ಲಿ ಜರ್ಮೇನಿಯಮ್ ಟ್ರಾನ್ಸಿಸ್ಟರುಗಳನ್ನೂ ಮಾಡತೊಡಗಿತು. 1964ರಲ್ಲಿ ಆಕಾಶವಾಣಿಗೆ ಬೇಕಾದ ಪ್ರೇಷಕಯಂತ್ರಗಳನ್ನೂ ತಯಾರಿಸಿತು. ಜಾಲಹಳ್ಳಿಯ ಇಎಲ್ 84 ವಾಲ್ವನ್ನು ಇಂದಿಗೂ ಹೊರದೇಶದ ಸಂಗೀತಪ್ರಿಯರು ಹುಡುಕಿ ಕೊಳ್ಳುತ್ತಾರೆ. ಆ ವಾಲ್ವುಗಳ ಗುಣಲಕ್ಷಣಗಳನ್ನು ತಿಳಿಸುವ ಹಾಳೆಯೊಂದು 1961ರಲ್ಲಿ ಅಚ್ಚಾಗಿದ್ದರೆ 2022ರ ಜನವರಿ 1ರಿಂದ ಅದು ಸರ್ವರ ಸ್ವತ್ತು. ಯಾರಾದರೂ ನಕಲು ಮಾಡಬಹುದು, ಮರುಮುದ್ರಿಸಬಹುದು, ಮಾರಲೂಬಹುದು.

ಕಾನೂನು ಹೀಗೆ ದಾರಿ ಬಿಟ್ಟಿತು. ಅಷ್ಟರಲ್ಲಿ ಕಾಗದವೇ ಉಳಿಯಲಿಲ್ಲ. ಅರವತ್ತು ವರ್ಷ ಎಂಬುದು ಕಾದಂಬರಿಗೆ ದೊಡ್ಡ ಅವಧಿಯಲ್ಲ. ಅದು ಸಾವಿರ ಮನೆಗಳಲ್ಲಿರುತ್ತದೆ, ಒಂದು ಪ್ರತಿ ಗೆದ್ದಲಿಗೆ ಹೋದರೆ ಇನ್ನೊಂದು ಇರುತ್ತದೆ. ಏಜೆಂಟರಿಗೆ ಮಾತ್ರ ಕಳುಹಿಸಿದ ನಕ್ಷೆಯ ಪಾಡು ಬೇರೆ. ಅಂಗಡಿ ಮುಚ್ಚಿದ ದಿನ ಅದು ತೂಕಕ್ಕೆ ಹೋಗುತ್ತದೆ, ಕಡಲೆಕಾಯಿ ಪೊಟ್ಟಣವಾಗುತ್ತದೆ. ಹುಡುಕಿ ಕೇಳೋಣವೆಂದರೆ ಒಡೆಯರೂ ಸಿಕ್ಕುವುದಿಲ್ಲ. ಬಾಯಿಯ ಬಳಿ ಬೆರಳಿಟ್ಟುಕೊಂಡ ಮಗುವಿನ ಚಿತ್ರದಿಂದ ಮನೆಮಾತಾಗಿದ್ದ ಮರ್ಫಿಯನ್ನೇ ನೋಡಬಹುದು. ಇಂಗ್ಲೆಂಡಿನ ಮೂಲ ಕಂಪನಿಯನ್ನು 1962ರಲ್ಲಿ ರ‍್ಯಾಂಕ್ ಸಂಸ್ಥೆ ಕೊಂಡುಕೊಂಡಿತು. ಮುಂಬಯಿ ಸಮೀಪದ ಠಾಣೆಯ ಕಾರ್ಖಾನೆ ಬಹುಕಾಲದ ಹಿಂದೆಯೇ ಬಾಗಿಲು ಮುಚ್ಚಿತು. ಅಲ್ಲಿ ನಕ್ಷೆ ಬರೆದ ಡ್ರಾಫ್ಟ್ಸ್‌ಮನ್ನನ ಹೆಸರು ಹಾಳೆಯ ಮೇಲಿಲ್ಲ.

ಎಪ್ಪತ್ತರ ದಶಕದ ಯಂತ್ರಗಳಿಗೆ ಬಂದರೆ ಬೀಗವೂ ಹಾಗೆಯೇ ಇದೆ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ನಡೆದ ಉಪಗ್ರಹ ದೂರದರ್ಶನ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ಬಂದಿತು, ನಮ್ಮಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು ಆ ಭಾಗ್ಯವನ್ನು ಪಡೆದಿದ್ದವು. ಕೋಳಿಬಲೆಯಂತಹ ತಂತಿಯ ದೊಡ್ಡ ಛತ್ರಿ, ಹೈದರಾಬಾದಿನ ಇ.ಸಿ.ಐ.ಎಲ್. ಮಾಡಿದ ಟಿ.ವಿ. ಪೆಟ್ಟಿಗೆ. ಅವುಗಳ ಕೈಪಿಡಿ 1975ರಲ್ಲಿ ಪ್ರಕಟವಾಗಿದ್ದರೆ ಅದರ ಸ್ವಾಮ್ಯ ಮುಗಿಯುವುದು 2035ರ ಕೊನೆಗೆ. ಪೆಟ್ಟಿಗೆಗಳು ಅಷ್ಟು ಕಾಲ ಕಾದಿರುತ್ತವೆಯೆ?

ಕಾಯಿದೆ ನಿರ್ದಯವಾದುದೇನೂ ಅಲ್ಲ. ಅದರ 52ನೆಯ ಪ್ರಕರಣವು ಯಾವ ಯಾವ ನಕಲು ಅಪರಾಧವಲ್ಲವೆಂದು ಉದ್ದಕ್ಕೆ ಹೇಳುತ್ತದೆ. ಸ್ವಂತ ಬಳಕೆಗೂ ಅಧ್ಯಯನಕ್ಕೂ ನ್ಯಾಯವಾದ ಮಿತಿಯಲ್ಲಿ ನಕಲು ಮಾಡಿಕೊಳ್ಳಬಹುದು. ಪಾಠದ ಸಂದರ್ಭದಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಮಾಡಿಕೊಳ್ಳಬಹುದು. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು ಹೂಡಿದ ದಾವೆಯಲ್ಲಿ 2016ರಲ್ಲಿ ಹೈಕೋರ್ಟು ಈ ಅವಕಾಶವನ್ನು ಉದಾರವಾಗಿ ಅರ್ಥೈಸಿತು. ಐ.ಟಿ.ಐ. ತರಗತಿಯಲ್ಲಿ ರೇಡಿಯೋ ನಕ್ಷೆಯನ್ನು ಹಂಚುವ ಮೇಷ್ಟರು ಇದನ್ನು ನೆನೆದು ಧೈರ್ಯ ತಾಳಬಹುದು. ಎಲ್ಲಕ್ಕಿಂತ ದೊಡ್ಡ ಬಾಗಿಲು ಗ್ರಂಥಾಲಯದ್ದು. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕವನ್ನು—ಕಿರುಪುಸ್ತಿಕೆ, ನಕ್ಷೆ, ಪ್ಲಾನುಗಳೂ ಇದರಲ್ಲಿ ಸೇರಿವೆ—ಲಾಭಕ್ಕಾಗಿ ನಡೆಯದ ಸಾರ್ವಜನಿಕ ಗ್ರಂಥಾಲಯವು ತನ್ನ ಉಪಯೋಗಕ್ಕೆ ಮೂರು ಪ್ರತಿಗಳವರೆಗೆ ನಕಲು ಮಾಡಿಟ್ಟುಕೊಳ್ಳಬಹುದು. ತನ್ನಲ್ಲಿರುವ ಕಾಗದದ ಪ್ರತಿಯನ್ನು ಸಂರಕ್ಷಣೆಗಾಗಿ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಲು 2012ರ ತಿದ್ದುಪಡಿ ಅನುಮತಿ ಕೊಟ್ಟಿದೆ. ಆದರೆ ರಿಪೇರಿಗಾರರ ಟ್ರಂಕಿನಲ್ಲಿರುವ ಹಾಳೆಗಳಿಗೆ ಗ್ರಂಥಾಲಯದ ದಾರಿ ಗೊತ್ತಿಲ್ಲ; ಗ್ರಂಥಾಲಯಕ್ಕೆ ಆ ಟ್ರಂಕಿನ ದಾರಿ ಗೊತ್ತಿಲ್ಲ.

ಒಡೆಯ ಪತ್ತೆಯಾಗದ ಕೃತಿಯನ್ನು ಅಚ್ಚುಹಾಕಿಸಲು ಅನುಮತಿ ಬೇಡುವ ಕ್ರಮವೂ ಕಾಯಿದೆಯಲ್ಲಿದೆ. ಅದಕ್ಕೆ ಮೊದಲು ದೇಶದ ಬಹುಭಾಗದಲ್ಲಿ ಪ್ರಸಾರವುಳ್ಳ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಐನೂರು ರೂಪಾಯಿಯ ರಿಪೇರಿಗೆ ಅಖಿಲ ಭಾರತ ಜಾಹೀರಾತು!

ಇಷ್ಟು ಹೇಳಿದ ಮಾತ್ರಕ್ಕೆ ನಕಲು ಮಾಡುವವರೆಲ್ಲ ಸಾಧುಗಳೆಂದು ತಿಳಿಯಬೇಕಾಗಿಲ್ಲ. ನಕ್ಷೆಗಳನ್ನು ಕಲೆಹಾಕಿ, ತಿದ್ದಿ, ಅಚ್ಚುಮಾಡಿ ಜೀವನ ನಡೆಸಿದವರೂ ಇದ್ದರು. 1946ರಿಂದ ಅಮೆರಿಕದ ಹೊವರ್ಡ್ ಸ್ಯಾಮ್ಸ್ ನಡೆಸಿದ ಫೋಟೋಫ್ಯಾಕ್ಟ್ ಮಾಲಿಕೆ ಅಂತಹುದು. ಅವನ ಕೆಲಸಗಾರರು ಮಾರುಕಟ್ಟೆಯ ರೇಡಿಯೋಗಳನ್ನು ಬಿಚ್ಚಿ, ತಂತಿ ತಂತಿಯನ್ನೂ ಅಳೆದು, ತಮ್ಮದೇ ಆದ ನಕ್ಷೆ ಬರೆದರು. ಅಂತಹ ದುಡಿಮೆಯನ್ನು ಮೂರನೆಯವನೊಬ್ಬ ಯಂತ್ರದ ಕೆಳಗಿಟ್ಟು ನಕಲು ತೆಗೆದು ಮಾರಿದರೆ ಅದಕ್ಕೆ ಕಳ್ಳತನವೆಂಬ ಹೆಸರು ಹೆಚ್ಚಾಗುವುದಿಲ್ಲ. ಇನ್ನೊಂದು ಕಡೆ, 2012ರಲ್ಲಿ ಆಸ್ಟ್ರೇಲಿಯದ ಯುವಕನೊಬ್ಬ ಲಾಭಾಪೇಕ್ಷೆಯಿಲ್ಲದೆ ಎಲ್ಲರಿಗೂ ಒದಗಿಸಿದ್ದ ಲ್ಯಾಪ್‌ಟಾಪ್ ಕೈಪಿಡಿಗಳನ್ನು ತೋಷಿಬಾ ಕಂಪನಿ ವಕೀಲರ ಪತ್ರ ಕಳುಹಿಸಿ ತೆಗೆಸಿತು. 2015ರಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಹಳೆಯ ಕೈಪಿಡಿಗಳ ದಾಸ್ತಾನೊಂದು ತಿಪ್ಪೆ ಸೇರುವುದರಲ್ಲಿದ್ದಾಗ ಜೇಸನ್ ಸ್ಕಾಟ್ ಎಂಬ ಸಂರಕ್ಷಕನ ಕರೆಗೆ ಓಗೊಟ್ಟು ಬಂದ ಸ್ವಯಂಸೇವಕರು ಸುಮಾರು 25,000 ಕೈಪಿಡಿಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಉಳಿಸಿದರು. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ‘ರಿಪೇರಿಯ ಹಕ್ಕು’ ಎಂಬ ಮಾತನ್ನೆತ್ತಿ ಸಮಿತಿಯನ್ನು ನೇಮಿಸಿತು. ಅದರ ಗಮನ ಮೊಬೈಲು, ವಾಹನ, ಗೃಹೋಪಕರಣ, ಕೃಷಿಯಂತ್ರಗಳ ಮೇಲೆ. ಅಟ್ಟದ ರೇಡಿಯೋ ಆ ಪಟ್ಟಿಯಲ್ಲಿಲ್ಲ.

ಇನ್ನು ರೂಪನಗುಡಿಯ ಪೆಟ್ಟಿಗೆಯ ಕಥೆ. ಟ್ರಂಕಿನ ಹಾಳೆ ಬರುವುದು ತಡವಾಯಿತೆಂದುಕೊಳ್ಳೋಣ. ರಿಪೇರಿಗಾರ ಕಾಯುವುದಿಲ್ಲ. ವಿಚಾರಕ್ಕೆ ಸ್ವಾಮ್ಯವಿಲ್ಲ, ಅದನ್ನು ವ್ಯಕ್ತಪಡಿಸಿದ ರೂಪಕ್ಕೆ ಮಾತ್ರ ಉಂಟು ಎಂದು ಸುಪ್ರೀಂ ಕೋರ್ಟು 1978ರಲ್ಲಿ ‘ಹಮ್ ಹಿಂದೂಸ್ತಾನಿ’ ನಾಟಕಕ್ಕೂ ‘ನ್ಯೂ ಡೆಲ್ಲಿ’ ಚಲನಚಿತ್ರಕ್ಕೂ ಸಂಬಂಧಿಸಿದ ಮೊಕದ್ದಮೆಯಲ್ಲಿ ತೀರ್ಪಿತ್ತುದು ಅವನಿಗೆ ತಿಳಿದಿರಲಾರದು. ಅವನು ಪ್ಲಗ್ಗನ್ನು ಕಿತ್ತು ದೂರವಿಟ್ಟು, ವಾಲ್ವಿನ ಬುಡದಿಂದ ಬುಡಕ್ಕೆ ತಂತಿಗಳನ್ನು ಹಿಂಬಾಲಿಸಿ, ಮಗಳ ಶಾಲೆಯ ನೋಟುಬುಕ್ಕಿನ ಎರಡು ಹಾಳೆಗಳಲ್ಲಿ ಪೆನ್ಸಿಲಿನಿಂದ ನಕ್ಷೆ ಬರೆಯುತ್ತಾನೆ. ಸೋರುವ ಕಾಗದದ ಕಂಡೆನ್ಸರುಗಳಿಗೆ ಗುರುತು ಹಾಕುತ್ತಾನೆ. ಚಾಸಿಯ ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಮುಟ್ಟಬೇಡಿ’ ಎಂದು ಬರೆಯುತ್ತಾನೆ. ಮೂರನೆಯ ದಿನ ಪೆಟ್ಟಿಗೆ ಗೊರಗುಟ್ಟಿ, ಕೆಮ್ಮಿ, ಮಾತನಾಡುತ್ತದೆ.

ಕಾಯಿದೆಯ ದೃಷ್ಟಿಯಲ್ಲಿ ಆ ಎರಡು ಹಾಳೆಗಳ ಸ್ವಾಮ್ಯ ಅವನದು. ನೋಂದಣಿಯ ಅಗತ್ಯವೂ ಇಲ್ಲ. ಅವನ ಆಯುಷ್ಯದುದ್ದಕ್ಕೂ, ಆ ಮೇಲೆ 60 ವರ್ಷವೂ ಅದು ಅವನ ಮತ್ತು ಅವನ ಮಕ್ಕಳ ಸ್ವತ್ತು. ಹಾಳೆಗಳನ್ನು ಮಡಿಚಿ ಅವನು ರೇಡಿಯೋದ ಹಿಂಬದಿಯ ರಟ್ಟಿನೊಳಗೆ ಸೇರಿಸಿ ಸ್ಕ್ರೂ ಬಿಗಿಯುತ್ತಾನೆ, ಮುಂದೆ ಬಿಚ್ಚುವವನಿಗೆ ಬೇಕಾಗಬಹುದೆಂದು. ಹೆಸರು ಬರೆಯುವುದು ಅವನಿಗೆ ಹೊಳೆಯುವುದಿಲ್ಲ.